ಮೆದುಳಿನ ಉಳಿದ ತೊಂಬತ್ತು ಪಾಲು

ಎರಡು ಸಾವಿರದ ಐದರ ಸುಮಾರಿಗೆ ನಾನು ದೆಹಲಿಯ ಹೌಜ್ ಖಾಸ್‌ನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಭಾನುವಾರ ಬಂತೆಂದರೆ ಸಾರು ಅನ್ನದ ಆಸೆಗೆ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿದ್ದ ಒಂದು ಕನ್ನಡ ಮನೆಗೆ ಹೋಗುತ್ತಿದ್ದೆ. ಮನೆಯ ಯಜಮಾನರು ಸರ್ಕಾರಿ ಗುಮಾಸ್ತರು. ಅವರ ಹೆಂಡತಿಯನ್ನು ಆಂಟಿ ಎನ್ನುತ್ತಿದ್ದೆ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ, ಮದುವೆಯಾಗಿ ದೆಹಲಿಗೆ ಬಂದವರು. ಊರಿನಿಂದ ಅಂಚೆಯಲ್ಲಿ ಬರುತ್ತಿದ್ದ ವಾರಪತ್ರಿಕೆಗಳಲ್ಲಿ ಅಚ್ಚರಿಯ ಸಂಗತಿ ಕಂಡರೆ ದಪ್ಪ ನೋಟ್‌ಬುಕ್ಕೊಂದರಲ್ಲಿ ಬರೆದಿಡುವುದು ಅವರ ಅಭ್ಯಾಸ.

ಆ ವರ್ಷ ರಾಜ್ಯೋತ್ಸವಕ್ಕೆ ‘ಸರಿಯೋ ತಪ್ಪೋ’ ಎಂಬ ಸ್ಪರ್ಧೆ ನಡೆಸಿಕೊಡಿ ಎಂದು ಕನ್ನಡ ಸಂಘದವರು ಆಂಟಿಯನ್ನು ಕೇಳಿದರು. ಅವರು ನೋಟ್‌ಬುಕ್ ತಂದು ನನ್ನ ಕೈಗಿಟ್ಟರು.

“ಪತ್ರಿಕೇಲಿ ಬಂದಿದ್ದೆಲ್ಲ ನಿಜ ಅಂತ ಹೇಗೆ ನಂಬೋದು? ಸ್ಟೇಜ್ ಮೇಲೆ ತಪ್ಪು ಹೇಳಬಾರದು. ನೀನು ಓದಿರೋನು, ಸ್ವಲ್ಪ ನೋಡಿಕೊಡಪ್ಪ.”

ಅಲ್ಲೇ ಕೂತು ಪೆನ್ಸಿಲ್ ಹಿಡಿದೆ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ: ತಪ್ಪು. ಒಂಟೆಯ ಡುಬ್ಬದಲ್ಲಿ ನೀರಿರುತ್ತದೆ: ತಪ್ಪು, ಅಲ್ಲಿರುವುದು ಕೊಬ್ಬು. ಶುಕ್ರಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದ. ನನಗೆ ನಗು ಬಂತು, ಅದೂ ತಪ್ಪೆಂದು ಗೀಟು ಹಾಕಿದೆ.

“ಪುಸ್ತಕದಲ್ಲಿ ನೋಡಿದ್ಯಾ?” ಎಂದರು ಆಂಟಿ.

“ನೋಡೋದೇನು ಆಂಟಿ, ಆಗೋ ಮಾತಾ ಇದು?”

“ಆಗಲ್ಲ ಅನ್ನಿಸಿದ್ದಕ್ಕೇ ಬರೆದುಕೊಂಡಿದ್ದು. ನೋಡು ಒಂದ್ಸಲ.”

ಮರುದಿನ ಲೈಬ್ರರಿಯಲ್ಲಿ ನೋಡಿದರೆ ಅವರದೇ ಸರಿ. ಶುಕ್ರ ಸೂರ್ಯನನ್ನು ಸುತ್ತುವುದಕ್ಕಿಂತ ತನ್ನ ಸುತ್ತ ತಾನು ತಿರುಗುವುದೇ ನಿಧಾನ. ಗೀಟು ಅಳಿಸಿ, ಎರಡು ವಾರ ಕೂತು ಒಂದೊಂದನ್ನೂ ಪುಸ್ತಕ ತೆರೆದೇ ನೋಡಿದೆ. ಆಕ್ಟೋಪಸ್‌ಗೆ ಮೂರು ಹೃದಯ ಎಂಬುದು ನಿಜ. ಮನುಷ್ಯ ಮೆದುಳಿನ ನೂರರಲ್ಲಿ ಹತ್ತು ಪಾಲನ್ನಷ್ಟೇ ಬಳಸುತ್ತಾನೆ ಎಂಬುದು ಶುದ್ಧ ಸುಳ್ಳು.

ಇದನ್ನು ಹೇಳಿದಾಗ ಆಂಟಿ ಬಟಾಣಿ ಬಿಡಿಸುತ್ತಿದ್ದರು. ಕೈ ನಿಂತಿತು.

“ಮಗಳು ಒಂಬತ್ತನೇ ಕ್ಲಾಸಲ್ಲಿ ಲೆಕ್ಕದಲ್ಲಿ ಫೇಲಾದಳು. ನಾನು ದಡ್ಡಿ ಅಂತ ಎರಡು ದಿನ ಊಟ ಬಿಟ್ಟಳು. ಆಗ ಹೇಳಿದ್ದೆ, ನೀನು ಬಳಸಿರೋದು ಹತ್ತು ಪಾಲು ಕಣೇ, ಇನ್ನೂ ತೊಂಬತ್ತು ಹಾಗೇ ಇದೆ ಅಂತ. ಆಮೇಲೆ ಪ್ರತಿ ಪರೀಕ್ಷೆಗೂ ಅದನ್ನೇ ಹೇಳಿ ಕಳಿಸ್ತೀನಿ.”

“ಇರಲಿ ಬಿಡಿ ಆಂಟಿ. ಅವಳಿಗೆ ಹೇಳೋದೇನೂ ಬೇಡ.”

“ಇಷ್ಟು ದಿನ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದರೆ?”

ಒಳಗೆ ಓದುತ್ತಿದ್ದ ಮಗಳನ್ನು ಕರೆದರು. ಹನ್ನೆರಡನೇ ಕ್ಲಾಸಿನ ಹುಡುಗಿ. ಆಂಟಿ ತಡವರಿಸುತ್ತ ಎಲ್ಲ ಹೇಳಿದರು. ಅವಳು ಬುಟ್ಟಿಯಿಂದ ನಾಲ್ಕು ಬಟಾಣಿ ಬಾಯಿಗೆ ಹಾಕಿಕೊಂಡಳು.

“ಮುಝೇ ಪತಾ ಥಾ, ಅಮ್ಮಾ, ಮೊದಲೇ ಗೊತ್ತಿತ್ತು. ಟೆಂತ್‌ನಲ್ಲೇ ಬಯಾಲಜಿ ಮ್ಯಾಮ್ ಹೇಳಿದ್ರು.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ನೀನು ಹೇಳ್ದಾಗ ಅಚ್ಛಾ ಲಗ್ತಾ ಥಾ, ಕೇಳೋಕೆ ಇಷ್ಟ ಆಗ್ತಿತ್ತು. ಬಸ್.”

ಆಂಟಿಗೆ ಬಯ್ಯಬೇಕೋ ನಗಬೇಕೋ ತಿಳಿಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, “ಚಲೋ, ಹೋಗಿ ಓದ್ಕೋ,” ಎಂದರು. ನಾನು ಬಟಾಣಿ ಬಿಡಿಸತೊಡಗಿದೆ.

ಸ್ಪರ್ಧೆಯ ದಿನ ಆಂಟಿ ಕೇಳಿದ ಮೊದಲ ಪ್ರಶ್ನೆಯೇ ಮೆದುಳಿನದು. ‘ಸರಿ’ ಎಂದು ಸಭೆಯಲ್ಲಿ ಮುಕ್ಕಾಲು ಪಾಲು ಕೈಗಳು ಎದ್ದವು, ದೊಡ್ಡ ಅಧಿಕಾರಿಗಳವೂ ಸೇರಿ. ಆಂಟಿ ‘ತಪ್ಪು’ ಎಂದಾಗ ಗುಸುಗುಸು ಶುರುವಾಯಿತು. ಆಂಟಿ ಮೈಕ್ ಹತ್ತಿರಕ್ಕೆ ಬಗ್ಗಿ, “ಬೇಜಾರು ಮಾಡ್ಕೋಬೇಡಿ, ಹೋದ ತಿಂಗಳವರೆಗೆ ನಾನೂ ನಂಬಿದ್ದೆ,” ಎಂದರು.