ಟವೆಲ್ಲಿನಡಿ ಕುದುರಿದ ಹೊಳೆ

ಹೊಳೆಗೆ ಇಳಿಯುವವರಿಗೆ ನನ್ನದೊಂದು ಸಲಹೆ: ಮೊದಲು ನೀರು ನೋಡಬೇಡಿ, ದಡ ನೋಡಿ. ನೀರು ಅಂಗಡಿಯವನ ನಗೆಯಂತೆ, ಒಳಗಿನ ದರ ಅದರಲ್ಲಿ ಕಾಣುವುದಿಲ್ಲ. ಬಟ್ಟೆ ಒಗೆಯುವ ಹೆಂಗಸರು ದಿನದ ಕಲ್ಲು ಬಿಟ್ಟು ಮೇಲಿನ ಕಲ್ಲಿಗೆ ಸರಿದಿದ್ದಾರೆಯೇ? ಬಲೆ ಬೀಸುವ ಹೊತ್ತಿನಲ್ಲಿ ಮೀನುಗಾರರು ಬಲೆ ಹೊಲಿಯುತ್ತ ಕೂತಿದ್ದಾರೆಯೇ? ತೆಪ್ಪವನ್ನು ದಡದ ಮೇಲಕ್ಕೆ ಎಳೆದು ಬೋರಲು ಹಾಕಿದ್ದಾರೆಯೇ? ಹಾಗಿದ್ದರೆ ತೆಪ್ಪದವನ ಜೊತೆ ಚೌಕಾಸಿಗೆ ನಿಲ್ಲದೆ ಮನೆಗೆ ಹೋಗಿ. ಈ ಮಾತು ಹೇಳುತ್ತಿರುವವನು ಗುಂಡಿ ಮಾರುವವನ ಹತ್ತಿರವೂ ಚೌಕಾಸಿ ಬಿಟ್ಟವನಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸಕ್ಕೆ ಸೇರಿ, ಈಗ ಸ್ವಂತ ಹೊಲಿಗೆ ಯೂನಿಟ್ ನಡೆಸುತ್ತಿರುವವನು.

ನಾನು ಬೆಳೆದದ್ದು ಸಿರುಗುಪ್ಪದ ಕಡೆ, ತುಂಗಭದ್ರೆಯ ದಂಡೆಯಲ್ಲಿ. ಹೆಂಡತಿಯ ತವರು ಕುರುಗೋಡು. ಅಲ್ಲಿಯ ಹಳಬರು ಈಜು ಕಲಿತದ್ದು ಹೊಲದ ಬಾವಿಗಳಲ್ಲಿ. ಬಾವಿಯಲ್ಲಿ ಕಲಿತವರ ಧೈರ್ಯವೇ ಬೇರೆ. ಬಾವಿಯ ನೀರು ಬಿದ್ದವನನ್ನು ಬಿದ್ದಲ್ಲೇ ಇಟ್ಟುಕೊಂಡಿರುತ್ತದೆ. ಹೊಳೆ ಅಷ್ಟು ಮರ್ಯಾದೆ ತೋರಿಸುವುದಿಲ್ಲ.

ನನ್ನ ಮಾವನವರು ಬಾವಿಯ ಈಜುಗಾರರು. ಎತ್ತಿನ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವರು, ಅರವತ್ತು ದಾಟಿದ್ದರೂ ಮಾತಿನಲ್ಲಿ ಇಳಿದವರಲ್ಲ. ಅವರ ಮಗನಿಗೆ ಸಿರಿಗೇರಿಯ ಹುಡುಗಿ ಗೊತ್ತಾದ ವರ್ಷ, ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಕೆಂಚನಗುಡ್ಡದ ಹೊಳೆದಂಡೆಗೆ ಹೋದೆವು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಲ್ಲ ಮುಗಿದು ಮೊಸರನ್ನಕ್ಕೆ ಬಂದಾಗ ಮಾವನವರ ಬಾವಿಯ ಕಥೆ ಶುರುವಾಯಿತು. ಹುಡುಗಿಯ ತಂದೆ, ಅಂದರೆ ನಮ್ಮ ಹೊಸ ಬೀಗರು, ಕೈ ತೊಳೆಯುತ್ತ ಕೆಣಕಿದರು.

"ಬೀಗರ, ಬಾವ್ಯಾಗ ಯಾರಾರ ಈಜ್ತಾರ. ಇದು ಹೊಳಿರಿ. ಇದಕ್ಕ ಮೆಟ್ಲಾ ಇಲ್ಲ, ಹಗ್ಗಾ ಇಲ್ಲ."

"ನೀರು ನೀರ ಅಲ್ಲೇನ್ರಿ?" ಎಂದರು ಮಾವನವರು. "ಆ ನಡುವಿನ ಕಲ್ಲು ಕಾಣ್ತೈತಲ್ಲ, ಅಲ್ಲಿತನ ಹೋಗಿ ಬಂದು ಮೊಸರನ್ನ ಉಣ್ತೀನಿ. ಮುಚ್ಚಿಡ್ರಿ."

ಹೆಂಡತಿ ನನ್ನ ಕಿವಿಯ ಹತ್ತಿರ ಬಾಗಿದಳು. "ರೀ, ನಮ್ಮಪ್ಪನ ಧೋತ್ರ ತೊಯ್ತು ಅಂದ್ರ, ನೀವೊಬ್ರ ಬಳ್ಳಾರಿಗೆ ಹೋಗ್ರಿ. ನಾ ಕುರುಗೋಡದಾಗ ಇರ್ತೀನಿ."

ಅವಳು ಹೇಳುವ ಮೊದಲೇ ನಾನು ನೀರಿನ ಅಂಚು ನೋಡುತ್ತಿದ್ದೆ. ಹೊಳೆದಂಡೆಗೆ ಹೋದ ಕೂಡಲೇ ನೀರಿನ ಅಂಚಿಗೆ ಒಂದು ಕಡ್ಡಿ ನೆಡುವುದು ನನ್ನ ಚಿಕ್ಕಂದಿನ ಚಾಳಿ. ಅಂದೂ ನೆಟ್ಟಿದ್ದ ಕಡ್ಡಿ ಈಗ ಅಂಚಿನಲ್ಲಿರಲಿಲ್ಲ, ಗೇಣುದ್ದ ನೀರೊಳಗೆ ನಿಂತಿತ್ತು. ಬಂದಾಗ ಹಸಿರಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ನೊರೆ, ನೊರೆಯ ಜೊತೆ ಕಸಕಡ್ಡಿ. ನಮ್ಮ ತಲೆಯ ಮೇಲೆ ಸುಡುವ ಬಿಸಿಲು, ಆದರೆ ಮೇಲೆಲ್ಲೋ ಮಳೆ ಹೊಡೆದಿರಬೇಕು. ರೊಟ್ಟಿಯ ಚೂರೊಂದನ್ನು ಎಸೆದು ನೋಡಿದೆ. ಅದು ಕಲ್ಲಿನ ಕಡೆಗೆ ಓಡಿ, ಅಲ್ಲೊಂದು ಸುತ್ತು ತಿರುಗಿ ಒಳಕ್ಕೆ ಹೋಯಿತು, ಮತ್ತೆ ಮೇಲೆ ಬರಲಿಲ್ಲ.

ಪಟ್ಟು ಹಿಡಿದವರಿಗೆ ಬೇಡ ಎನ್ನಬಾರದು, ಅದರಿಂದ ದರ ಏರುತ್ತದೆ. ಬದಲಿಗೆ ಆಸಕ್ತಿ ಇಲ್ಲದವನಂತೆ ಎದ್ದು ಹೊರಡಬೇಕು. ಬಳ್ಳಾರಿಯಲ್ಲಿ ಬಟ್ಟೆಯ ಥಾನು ಕೊಳ್ಳುವಾಗ ಈ ಪಟ್ಟು ನನಗೆ ಕೈಕೊಟ್ಟದ್ದಿಲ್ಲ. "ಹೋಗಿ ಬರ್ರಿ ಮಾವಾರ" ಎಂದು ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ಕೂತೆ.

ಮಾವನವರು ಅಂಗಿ ಬಿಚ್ಚತೊಡಗಿದರು.

ಆಗ ನನಗೆ ಹೊಳೆಯಿತು: ನನ್ನಿದಿರು ಇರುವವರು ಥಾನಿನ ಅಂಗಡಿಯವರಲ್ಲ, ಈ ಪಟ್ಟನ್ನು ನನಗಿಂತ ಮೊದಲು ಕಲಿತವರು. ಆದರೆ ಕೊನೆಯ ಗುಂಡಿಯ ಮೇಲೆ ಅವರ ಕೈ ಸುಮ್ಮನೆ ತಿಣುಕಾಡುತ್ತಿತ್ತು, ಕಣ್ಣು ಕಲ್ಲಿನ ಬಳಿಯ ಸುಳಿಯ ಮೇಲೆಯೇ ಇತ್ತು. ಹೆಚ್ಚು ದರ ಹೇಳಿ ಸಿಕ್ಕಿಬಿದ್ದವನ ಮುಖ ನನಗೆ ಗೊತ್ತು. ಯಾರಾದರೂ ಇಳಿಸಿದರೆ ಸಾಕು ಎಂದು ಅದು ಕೇಳುತ್ತಿರುತ್ತದೆ. ಬೀಗರ ಮುಂದೆ ತಾನಾಗಿ ಇಳಿಯುವಂತಿಲ್ಲ, ಅಷ್ಟೇ.

"ಅಳಿಯಂದ್ರ, ಒಂಚೂರು ಕೈ ಕೊಡ್ರಿ ಇಲ್ಲಿ" ಎಂದು ಕರೆದು, ಹೆಗಲ ಟವೆಲ್ಲನ್ನು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದರು.

ಎತ್ತಿನ ಸಂತೆ ನೋಡಿದವರಿಗೆ ಇದು ಗೊತ್ತು. ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಕುದುರಿಸುತ್ತಾರೆ, ಸುತ್ತ ನಿಂತವರಿಗೆ ಕೇಳಿಸುವುದು ಬೇರೆಯೇ ಮಾತು. ಮಾವನವರು ನನ್ನ ಮೂರು ಬೆರಳು ಹಿಡಿದು, ಇನ್ನೊಂದು ಕೈಯಿಂದ ಎದೆ ಕೆರೆದುಕೊಂಡರು. ಎದೆಮಟ ನೀರಿಗೆ ಇಳಿಯುತ್ತೇನೆ ಎಂದು.

"ನೀರು ತಣ್ಣಗ ಐತೇನು?" ಎಂದು ಗಟ್ಟಿಯಾಗಿ ಕೇಳಿದರು.

"ಮಸ್ತ್ ಐತ್ರಿ" ಎಂದು ನಾನು ಅವರ ಒಂದೇ ಬೆರಳು ಹಿಡಿದು ಮೊಣಕಾಲು ತುರಿಸಿಕೊಂಡೆ.

ಅವರು ಎರಡಕ್ಕೆ ಬಂದು ಸೊಂಟ ಮುಟ್ಟಿದರು. ನಾನು ಒಂದನ್ನೇ ಇನ್ನಷ್ಟು ಅಮುಕಿದೆ.

"ಏನ್ ಮಾವ ಅಳಿಯ ಕೈ ಹಿಡ್ಕಂಡು ಲಗ್ನಕ್ಕ ನಿಂತಂಗ ನಿಂತೀರಲ್ಲ!" ಎಂದು ಬೀಗರು ನಕ್ಕರು.

ಮಾವನವರು ನನ್ನ ಅಂಗೈ ತಟ್ಟಿದರು. ಮೊಣಕಾಲಿಗೆ ವ್ಯಾಪಾರ ಕುದುರಿತು. ಅಷ್ಟರಲ್ಲಿ ನನ್ನ ಕಡ್ಡಿ ಬುಡ ಸಡಿಲಿ ವಾಲಿತು, ಮಲಗಿತು, ಹೋಯಿತು. ಕಡ್ಡಿ ನಿಂತಿದ್ದ ಮರಳೂ ಕುಸಿಯುತ್ತಿತ್ತು. ಹೀಗೆ ಏರುವ ನೀರಿನಲ್ಲಿ ಮೊಣಕಾಲುಮಟ ಇಳಿದವನ ಕಾಲಡಿಯ ನೆಲವೇ ಜಾರುತ್ತದೆ. ಪಾದ ನೆನೆಯುವಷ್ಟೂ ಬಿಡುವಂತಿರಲಿಲ್ಲ.

ಆದರೆ ಕುದುರಿದ ವ್ಯಾಪಾರ ಮುರಿಯುವವನು ನಷ್ಟವನ್ನೂ ತಾನೇ ಹೊರಬೇಕು. ಧಪ್ಪನೆ ಕೆಳಗೆ ಕೂತು ಮೀನಖಂಡ ಹಿಡಿದುಕೊಂಡೆ.

"ಅಯ್ಯಯ್ಯೋ ಮಾವಾರ, ಕಾಲು ಹಿಡ್ಕಂತ್ರಿ! ಈ ನೀರು ನೋಡಿದ್ರ ನನಗ ಕೈಕಾಲು ನಡಗತಾವು. ನನ್ನ ಬಿಟ್ಟು ಹೋಗಬ್ಯಾಡ್ರಿ!"

ಮಾವನವರು ಒಂದು ಗಳಿಗೆ ನನ್ನನ್ನು ನೋಡಿದರು. ಸರಕು ಒಳ್ಳೆಯದು ಎಂದು ತಿಳಿದ ದಲ್ಲಾಳಿಯ ನೋಟ. ಮರುಗಳಿಗೆಯಲ್ಲಿ ಅಂಗಿಯ ಗುಂಡಿಗಳೆಲ್ಲ ತಮ್ಮ ಜಾಗದಲ್ಲಿದ್ದವು.

"ನೋಡ್ರಿ ಬೀಗರ! ಹೊಳಿದಂಡಿ ಹುಡುಗ, ಗಟ್ಟಿಗ ಅಂತ ಮಗಳ್ನ ಕೊಟ್ಟೆ. ಇವನ್ನ ಇಲ್ಲಿ ಬಿಟ್ಟು ನಾ ಹೆಂಗ ಈಜಾಕ ಹೋಗ್ಲಿ?" ಎಂದು ನನ್ನ ರಟ್ಟೆ ಹಿಡಿದು ದಡದ ಮೇಲಕ್ಕೆ ಎಳೆದುಕೊಂಡು ಹೋದರು. ಬೀಗರು ಹೊಟ್ಟೆ ಹಿಡಿದು ನಕ್ಕರು. ನಾವು ಊಟಕ್ಕೆ ಹಾಸಿದ್ದ ಚಾಪೆಯ ಅಂಚಿಗೆ ನೀರು ಬಂದಾಗ ಮಾತ್ರ ಅವರ ನಗು ನಿಂತಿತು. ಚಪ್ಪಲಿ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಮೇಲೆ ಹತ್ತಿದವರು ಅವರೇ.

ವಾಪಸು ಬರುವಾಗ ಗಾಡಿಯಲ್ಲಿ ಮಾವನವರು ಕಥೆ ಹೇಳುತ್ತಲೇ ಇದ್ದರು. ಸಿರುಗುಪ್ಪ ದಾಟುವಾಗ ನಾನು ಮೊಣಕಾಲುಮಟ ನೀರಿನಲ್ಲಿ ಒದ್ದಾಡುತ್ತಿದ್ದೆ. ಕುರುಗೋಡು ಬರುವಷ್ಟರಲ್ಲಿ ನನ್ನ ಕತ್ತು ಮಾತ್ರ ಮೇಲಿತ್ತು, ಅವರು ನನ್ನ ಕೂದಲು ಹಿಡಿದು ಎಳೆಯುತ್ತಿದ್ದರು. ಮನೆಗೆ ಬಂದ ಮೇಲೆ ಹೆಂಡತಿ ಅಪ್ಪನ ಧೋತರದ ಅಂಚು ಮುಟ್ಟಿ ನೋಡಿ, ನನ್ನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಲ್ರಿ, ನೀವಾದ್ರೂ ಅಷ್ಟ್ಯಾಕ ಅಂಜಿದ್ರಿ?"

ನಾನು ಅನ್ನ ಕಲಸಿದೆ. ಇಂಥ ವ್ಯಾಪಾರದಲ್ಲಿ ಬಾಯಿ ಬಿಟ್ಟರೆ ಕೊಂಡ ಮಾಲು ಕೆಡುತ್ತದೆ.

ಈಗಲೂ ನಾವೆಲ್ಲ ಹೊಳೆಗೆ ಹೋದರೆ ಮಾವನವರ ಮೊದಲ ಅಪ್ಪಣೆ ನನ್ನ ಬಗ್ಗೆ: "ಅಳಿಯಂದ್ರನ್ನ ಮ್ಯಾಲ ಕುಂದರಸ್ರಿ, ನೀರು ಕಂಡ್ರ ಆಗಂಗಿಲ್ಲ ಅವರಿಗೆ." ಸಿರಿಗೇರಿಯ ಬೀಗರು ಕೈ ಹಿಡಿದು ಎತ್ತರದ ಬಂಡೆಯ ಮೇಲೆ ನನ್ನನ್ನು ಕೂರಿಸುತ್ತಾರೆ. ನಾನು ತಕರಾರು ಮಾಡುವುದಿಲ್ಲ. ಅಲ್ಲಿಂದ ಹೊಳೆಯ ತಿರುವು, ನೀರಿನ ಬಣ್ಣ, ಮಾವನವರ ಪಾದ ಮೂರೂ ಒಟ್ಟಿಗೆ ಕಾಣುತ್ತವೆ.