ಪಕ್ಕದ ಮನೆಯವರು ಗುಂಡು ಹೊಯ್ಯುತ್ತಿದ್ದ ಕಾಲ

ಕಳೆದ ವಾರ ಟೈರ್ ಬದಲಾಯಿಸಲು ಹೋಗಿದ್ದೆ. ಅಂಗಡಿಯ ಹುಡುಗ ಹಳೆಯ ಚಕ್ರದ ಅಂಚಿಗೆ ಸುತ್ತಿಗೆಯಿಂದ ತಟ್ಟಿದಾಗ ಬೂದು ಬಣ್ಣದ ಸಣ್ಣ ತುಂಡೊಂದು ಸಿಡಿದು ನನ್ನ ಚಪ್ಪಲಿಯ ಹತ್ತಿರ ಬಿತ್ತು. ಚಕ್ರ ಅಲುಗದೆ ಓಡಲೆಂದು ಸಿಕ್ಕಿಸುವ ತೂಕದ ತುಂಡು ಅದು. ಎತ್ತಿಕೊಂಡೆ. ಗಾತ್ರಕ್ಕೆ ಮೀರಿದ ಭಾರ. ಹೆಬ್ಬೆರಳಿನ ಉಗುರು ಒತ್ತಿದರೆ ಗೆರೆ ಮೂಡಿತು. ಸೀಸ... ನಾನು ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆನೋ ಏನೋ, ಆ ಹುಡುಗ ಕೈ ಚಾಚಿ ನಗುತ್ತಾ ವಾಪಸು ಕೇಳಿದ.

ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ಈ ಸಾಲುಮನೆಗೆ ನಾವು ಬಂದ ಮೊದಲ ವರ್ಷಗಳಲ್ಲಿ, ಇಂಥ ತುಂಡುಗಳನ್ನು ಟೈರ್ ಅಂಗಡಿಗಳಿಂದ ಕೇಳಿ ತರುತ್ತಿದ್ದವರು ಪಕ್ಕದ ಮನೆಯ ಅಂಕಲ್. ಮಂಗಳೂರಿನವರು. ಹಡಗು ಸಾಗಣೆಯ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಚರ್ಚು, ಶನಿವಾರ ಮೀನು ಹಿಡಿಯುವುದು. ನಮ್ಮ ಎರಡು ಮನೆಗಳ ಹಿತ್ತಿಲಿನ ನಡುವೆ ಎದೆಮಟ್ಟದ ಗೋಡೆ. ಹಿತ್ತಿಲಿನ ಆಚೆ ಕಿರಿದಾದ ಓಣಿ. ಓಣಿಯ ಆ ಬದಿಗೆ ತಮಿಳು ಅಜ್ಜಿಯೊಬ್ಬರ ಅಡುಗೆಮನೆ. ನಾವೆಲ್ಲ ಅವರನ್ನು ಪಾಟಿ ಎನ್ನುತ್ತಿದ್ದೆವು. ಪಾಟಿ ಹುಟ್ಟಿ ಬೆಳೆದದ್ದೆಲ್ಲ ಮಲೇಷ್ಯಾದಲ್ಲೇ. ಮಗಳು, ಅಳಿಯನ ಜೊತೆಗಿದ್ದರು.

ಅಂಕಲ್ ಅವರ ಈ ಹಿತ್ತಿಲಿನ ಕೆಲಸವನ್ನು ನಾನು ಮೊದಲು ಗಮನಿಸಿದ್ದು ವಾಸನೆಯಿಂದ. ಕರಗಿದ ಮೇಣ, ಅದರ ಕೆಳಗೆ ಇನ್ನೇನೋ, ಕಾದ ಲೋಹದ್ದು. ಗೋಡೆಯಿಂದ ಇಣುಕಿದೆ. ಅವರು ಮುಖಕ್ಕೆ ಮಾಸ್ಕ್, ಕೈಗೆ ದಪ್ಪ ಗವಸು ಹಾಕಿಕೊಂಡು ಗ್ಯಾಸ್ ಒಲೆಯ ಮುಂದೆ ಕುಳಿತಿದ್ದರು. ಒಲೆಯ ಮೇಲೆ ಕಬ್ಬಿಣದ ಸಣ್ಣ ಪಾತ್ರೆ.

"ಎಂತ ನೋಡ್ತಿ ಮಾರಾಯ್ತಿ? ಗುಂಡು ಹೊಯ್ಯುವುದು," ಎಂದರು.

ಗಾಳದ ದಾರ ನೀರಿನ ತಳಕ್ಕೆ ಇಳಿಯಲು ಕಟ್ಟುವ ಭಾರವನ್ನು ಅವರು ಗುಂಡು ಎನ್ನುತ್ತಿದ್ದರು. ಅವರ ಅಪ್ಪ ಬೀಸುಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತಿದ್ದರಂತೆ. ಆ ಮಾತು ಅಲ್ಲಿಂದ ಬಂದದ್ದು.

ನನಗೆ ಅದನ್ನು ನೋಡುವುದರಲ್ಲಿ ಏನೋ ಕುತೂಹಲ ಹತ್ತಿತು. ಅವರು ಮೊದಲು ಅಚ್ಚಿನ ಒಳಮೈಯನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪಾಗಿಸುತ್ತಿದ್ದರು, ಸೀಸ ಅಂಟದಿರಲಿ ಎಂದು. ಪಾತ್ರೆಯಲ್ಲಿ ತುಂಡುಗಳು ಮೊದಲು ಹಾಗೇ ಇರುತ್ತಿದ್ದವು. ಆಮೇಲೆ ಒಂದು ಕ್ಷಣದಲ್ಲಿ ಕುಸಿದು ಕನ್ನಡಿಯಂತೆ ಹೊಳೆಯುತ್ತಿದ್ದವು. ಮೇಣದ ಚೂರೊಂದನ್ನು ಅದರೊಳಗೆ ಹಾಕಿದರೆ ಭಗ್ಗನೆ ಹೊಗೆಯೆದ್ದು ಕಸವೆಲ್ಲ ಮೇಲೆ ತೇಲುತ್ತಿತ್ತು. ಅದನ್ನು ಹಳೆಯ ಚಮಚದಿಂದ ಕೆನೆ ತೆಗೆದಂತೆ ತೆಗೆಯುತ್ತಿದ್ದರು. ಮೊದಲು ಹೊಯ್ದ ಗುಂಡುಗಳು ಸುಕ್ಕು ಸುಕ್ಕು. ಅಚ್ಚು ಇನ್ನೂ ತಣ್ಣಗಿದೆ ಎಂದು ಅರ್ಥ. ಅವು ಮತ್ತೆ ಪಾತ್ರೆಗೆ. ಅಚ್ಚು ಕಾದ ಮೇಲೆ ಬರುವವು ಹೊಸ ನಾಣ್ಯದ ಹಾಗೆ, ತಲೆಯಲ್ಲಿ ತಂತಿಯ ಕುಣಿಕೆ ಸಮೇತ.

ನೀರಿನ ಲೋಟ ಹಿಡಿದು ನಾನು ಗೋಡೆಯ ಹತ್ತಿರ ಬಂದರೆ ಗದರುತ್ತಿದ್ದರು. ಒಂದು ಹನಿ ಬಿದ್ದರೂ ಕಾದ ಸೀಸ ಸಿಡಿದು ಮುಖಕ್ಕೆ ಬರುತ್ತದೆ ಎಂದು. ನನ್ನ ಪುಟ್ಟ ಮಗನನ್ನು ಎತ್ತಿಕೊಂಡು ಬಂದರೆ ಒಲೆಯನ್ನೇ ಆರಿಸಿಬಿಡುತ್ತಿದ್ದರು. ಆ ಹೊಗೆ ಮಕ್ಕಳಿಗೆ ವಿಷ.

"ಅಂಗಡಿಯಲ್ಲಿ ಸಿಗಲ್ವಾ ಅಂಕಲ್ ಇದು?" ಎಂದು ಒಮ್ಮೆ ಕೇಳಿದೆ.

"ಅಂಗಡಿಯಲ್ಲಿ ಮೊಸರು ಸಹ ಸಿಗ್ತದೆ. ನೀನು ಯಾಕೆ ಹೆಪ್ಪು ಹಾಕುವುದು?"

ನನ್ನ ಗಂಡನೂ ಅವರ ಜೊತೆ ಮೀನು ಹಿಡಿಯಲು ಹೋಗತೊಡಗಿದ. "ನಮ್ಮ ಮೈಸೂರಲ್ಲಿ ಗುಂಡು ಅಂದ್ರೆ ಬಾಟಲಿ ಅಂಕಲ್," ಎಂದು ರೇಗಿಸುತ್ತಿದ್ದ. ಒಳಗಿನಿಂದ ಆಂಟಿಯ ದನಿ ಬರುತ್ತಿತ್ತು: "ಅವರು ಅದೂ ಹಾಕ್ತಾರೆ, ಇದೂ ಹಾಕ್ತಾರೆ. ಮೀನು ಮಾತ್ರ ನಾನು ಮಾರ್ಕೆಟಿನಿಂದ ತರುವುದು."

ಅಂಕಲ್ ಅವರದು ದೊಡ್ಡ ಗಂಟಲು. ಗೋಡೆಯಾಚೆ ಇರುವವರನ್ನು ಹೊಳೆಯಾಚೆ ಇರುವವರ ಹಾಗೆ ಕೂಗುತ್ತಿದ್ದರು, ದಿನಾ ಬೆಳಿಗ್ಗೆ ನನ್ನನ್ನೂ. ದಿನವೆಲ್ಲ ಮನೆಯಲ್ಲಿ ಮಗುವಿನೊಡನೆ ಇರುತ್ತಿದ್ದ ನನಗೆ ಹೊರಗಿನಿಂದ ಕೇಳುತ್ತಿದ್ದ ಕನ್ನಡ ಅದೊಂದೇ.

ಒಂದು ಶುಕ್ರವಾರ ಸಂಜೆ ಅವರು ಓಣಿಯಲ್ಲಿ ನಿಂತು ನನ್ನ ಗಂಡನನ್ನು ಕೂಗಿ ಹೇಳಿದರು: "ಗುಂಡು ಎಲ್ಲ ರೆಡಿ ಉಂಟು ಮಾರಾಯ! ನಾಳೆ ದೋಣಿಯಲ್ಲಿ ಹೋಗಿ ಹಾಕುವ!"

ಕನ್ನಡ ಬಲ್ಲವರಿಗೆ ತಮಿಳು ಅರ್ಧ ತಿಳಿಯುತ್ತದೆ, ತಮಿಳು ಬಲ್ಲವರಿಗೆ ಕನ್ನಡ ಅರ್ಧ. ಅಪಾಯವಿರುವುದು ಆ ಅರ್ಧದಲ್ಲೇ ಎಂದು ನನಗೆ ಆಗ ಗೊತ್ತಿರಲಿಲ್ಲ. ನಾಳೆ ಎಂದರೆ ತಮಿಳಿನಲ್ಲೂ ನಾಳೆಯೇ. ದೋಣಿ ಎಂದರೆ ದೋಣಿಯೇ. ರೆಡಿ ಎಲ್ಲರಿಗೂ ರೆಡಿ. ಗುಂಡು ಎಂದರೆ ಮಾತ್ರ ಅವರ ಮನಸ್ಸಿಗೆ ಬರುವುದು ಎರಡೇ: ಕೋವಿಯ ಗುಂಡು, ಇಲ್ಲವೇ ಬಾಂಬು. ಪಾಟಿ ಕಿಟಕಿಯಿಂದ ದಿನಾ ಆ ಒಲೆ, ಆ ಹೊಗೆ, ಆ ಮಾಸ್ಕ್ ಎಲ್ಲ ಕಾಣುತ್ತಿದ್ದವರು. ಅಳಿಯನಿಗೆ ಹೇಳಿದರು. ಅಳಿಯ ಪೊಲೀಸರಿಗೆ ಫೋನ್ ಮಾಡಿದ.

ಮಾರನೆಯ ಬೆಳಿಗ್ಗೆ ಇಬ್ಬರು ಬಂದರು. ಒಬ್ಬರು ಮಲಾಯ್ ಅಧಿಕಾರಿ, ಇನ್ನೊಬ್ಬ ತಮಿಳು ಕಾನ್‌ಸ್ಟೆಬಲ್. ಅಂಕಲ್ ಆ ಇಬ್ಬರನ್ನೂ ಮುಂಬಾಗಿಲಿನಿಂದ ನೇರ ಹಿತ್ತಿಲಿಗೆ ಕರೆತಂದರು. ನಾನು ಗೋಡೆಯ ಈಚೆ ಬಟ್ಟೆ ಹಿಂಡುತ್ತಿದ್ದೆ. ನನ್ನ ಗಂಡ ಗಾಳಕ್ಕೆ ಎರೆ ತರಲು ಹೋಗಿದ್ದ.

"ಗುಂಡು ಎಂಗೆ?" ಎಂದ ಕಾನ್‌ಸ್ಟೆಬಲ್. ಗುಂಡು ಎಲ್ಲಿ ಎಂದು.

ಅಂಕಲ್ ತಮ್ಮದೇ ಮಾತು ಕೇಳಿದ ಖುಷಿಯಲ್ಲಿ, "ಗುಂಡಾ? ಉಂಟು, ಉಂಟು," ಎಂದು ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದರು. ತುಂಬ ಬೂದು ಗುಂಡುಗಳು.

"ಪೆಲುರು?" ಎಂದರು ಅಧಿಕಾರಿ. ಆ ಮಲಾಯ್ ಮಾತು ಇಲ್ಲಿ ಎಲ್ಲರಿಗೂ ಗೊತ್ತು. ಕೋವಿಯ ಗುಂಡು. ಲೈಸೆನ್ಸ್ ಇಲ್ಲದೆ ಅದು ಮನೆಯಲ್ಲಿ ಸಿಕ್ಕರೆ ಜೈಲು ಎಂಬುದೂ ಎಲ್ಲರಿಗೂ ಗೊತ್ತು. ಅಂಕಲ್ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಈ ದೇಶದಲ್ಲಿರಲು ಬೇಕಾದ ಅವರ ಕೆಲಸದ ಪಾಸ್ ಮುಂದಿನ ತಿಂಗಳೇ ರಿನ್ಯೂವಲ್‌ಗೆ ಬರುವುದಿತ್ತು.

"ನೋ, ನೋ," ಎಂದರು. ಆಮೇಲೆ ಗಾಬರಿಯಲ್ಲಿ ನಾಲಿಗೆಗೆ ಸಿಕ್ಕ ಇಂಗ್ಲಿಷ್: "ಓನ್ಲಿ ಲೆಡ್ ಶಾಟ್, ಸರ್!"

ಸೀಸದ ಗುಂಡು ಅಷ್ಟೇ ಎಂದು; ಗಾಳ ಹಾಕುವವರ ಭಾಷೆಯಲ್ಲಿ ಅದು ಸರಿಯೇ ಇದ್ದೀತು. ಆದರೆ ಶಾಟ್ ಎಂಬ ಶಬ್ದ ಕಿವಿಗೆ ಬೀಳುತ್ತಲೇ ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದು ಕೈಯನ್ನು ಸೊಂಟದ ಹತ್ತಿರ ತಂದರು. ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಉರಿಯದೇ ಇದ್ದ ಗ್ಯಾಸಿನ ನಾಬನ್ನು ಮತ್ತೆ ಮತ್ತೆ ತಿರುಗಿಸಿ ಆರಿಸುತ್ತಿದ್ದರು. ನಾನು ಏನಾದರೂ ಹೇಳಬೇಕಿತ್ತು. ಆದರೆ ಗಾಳದ ಗುಂಡಿಗೆ ಮಲಾಯ್ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅಂಕಲ್‌ಗೆ ಗೊತ್ತಿತ್ತು, ದೋಣಿ ಹತ್ತುವ ಜೆಟ್ಟಿಯಲ್ಲಿ ವರ್ಷಗಟ್ಟಲೆ ಬಳಸಿದ್ದರು. ಆ ಕ್ಷಣ ಅದು ಅವರ ಬಾಯಿಗೆ ಬರಲೇ ಇಲ್ಲ. ಗುಂಡು, ಗುಂಡು ಎಂದೇ ಹೇಳುತ್ತಿದ್ದರು.

ಆಗ ಪಾಟಿ ಓಣಿ ದಾಟಿ ಬಂದರು. ಕೈಯಲ್ಲಿ ಅರ್ಧ ಸುಲಿದ ಈರುಳ್ಳಿ. ಪೊಲೀಸರ ನಡುವೆ ನುಗ್ಗಿ ಡಬ್ಬಿಯೊಳಗೆ ನೋಡಿದರು. ಒಂದನ್ನು ಎತ್ತಿ, ಅದರ ತಲೆಯ ಕುಣಿಕೆಯನ್ನು ಕಣ್ಣಿನ ಹತ್ತಿರ ಹಿಡಿದರು.

"ಅಯ್ಯೋ ಕಡವುಳೇ! ಬಾತು ಲಾಡುಂಗ್ ಲಾ ಇದು!" ಎಂದು ಕೂಗಿದರು. ಅಧಿಕಾರಿಯ ಕಡೆ ತಿರುಗಿ ಮಲಾಯ್ ಭಾಷೆಯಲ್ಲಿ ಒಂದೇ ಸಮ ಹೇಳತೊಡಗಿದರು. ಗಾಳದ ಗುಂಡು ಇದು, ನನ್ನ ಗಂಡ ಸಾಯುವ ತನಕ ಇದನ್ನೇ ದಾರಕ್ಕೆ ಕಟ್ಟುತ್ತಿದ್ದ, ನಾನೇ ತಪ್ಪು ಕೇಳಿಸಿಕೊಂಡೆ, ನನಗೆ ಬುದ್ಧಿಯಿಲ್ಲ... ಹೇಳುತ್ತಾ ಹೇಳುತ್ತಾ ಈರುಳ್ಳಿಯ ಕೈಯಿಂದಲೇ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತರು.

ಅಧಿಕಾರಿ ಒಂದು ಗುಂಡು ಎತ್ತಿ ಕುಣಿಕೆಯಿಂದ ತೂಗಾಡಿಸಿ ನೋಡಿದರು. ಮುಖ ಸಡಿಲವಾಯಿತು. ಆದರೂ ಡಬ್ಬಿ, ಪಾತ್ರೆ, ಅಚ್ಚು ಎಲ್ಲವನ್ನೂ ಜೀಪಿಗೆ ಹಾಕಿದರು. ಅಂಕಲ್ ಅವರನ್ನೂ ಹೇಳಿಕೆಗೆಂದು ಕರೆದುಕೊಂಡು ಹೋದರು. ಮಧ್ಯಾಹ್ನದವರೆಗೆ ಆಂಟಿಯ ಜೊತೆ ನಾನು ಕುಳಿತಿದ್ದೆ. ಅವರು ಒಂದೇ ಮಾತು ಕೇಳುತ್ತಿದ್ದರು: "ಪಾಸ್ ಕೊಡ್ಲಿಕ್ಕಿಲ್ಲ ಅಲ್ವಾ ಇನ್ನು?"

ಅಂಕಲ್ ವಾಪಸು ಬಂದಾಗ ಕೈಯಲ್ಲಿ ದಾರಿಯಲ್ಲಿ ಕಟ್ಟಿಸಿಕೊಂಡ ನಾಸಿ ಲೆಮಾಕಿನ, ಎಂದರೆ ತೆಂಗಿನ ಹಾಲಿನ ಅನ್ನದ, ಪೊಟ್ಟಣಗಳಿದ್ದವು. ಪೊಲೀಸರು ಡಬ್ಬಿಯನ್ನೂ ಕೊಟ್ಟು ಕಳಿಸಿದ್ದರು. ಮನೆಯ ಹಿತ್ತಿಲಲ್ಲಿ ಸೀಸ ಕಾಯಿಸಬೇಡಿ ಎಂದಷ್ಟೇ ಹೇಳಿದರಂತೆ. ಪಾಸ್ ಕೂಡ ಮುಂದಿನ ತಿಂಗಳು ಏನೂ ತೊಡಕಿಲ್ಲದೆ ಬಂತು. ಪಾಟಿ ಮುರುಕ್ಕು, ನಮ್ಮ ಚಕ್ಕುಲಿ, ಮಾಡಿ ಕಳಿಸಿದರು, ಅಂಕಲ್ ತಿಂದರು. "ಪಾಟಿದು ಎಂತ ತಪ್ಪು? ನಮ್ಮ ಬಾಯಿದು," ಎಂದರು.

ಎಲ್ಲ ಸರಿಯಾಯಿತು ಎಂದೇ ನಾವು ಅಂದುಕೊಂಡೆವು. ಕೆಲವು ದಿನಗಳ ಮೇಲೆ ನನಗೆ ಗೊತ್ತಾಯಿತು, ಓಣಿ ಸುಮ್ಮನಾಗಿದೆ. ಅಂಕಲ್ ಹಿತ್ತಿಲಿಗೆ ಬರುತ್ತಿದ್ದರು, ಗಿಡಕ್ಕೆ ನೀರು ಹಾಕುತ್ತಿದ್ದರು, ನನ್ನನ್ನು ಕಂಡರೆ ತಲೆಯಾಡಿಸಿ ಇಂಗ್ಲಿಷಿನಲ್ಲಿ, ಸಣ್ಣ ದನಿಯಲ್ಲಿ, ಮಗು ಹೇಗಿದೆ ಎನ್ನುತ್ತಿದ್ದರು. ಗಂಡನಿಗೆ ಏನಾದರೂ ಹೇಳುವುದಿದ್ದರೆ ವಾಟ್ಸಾಪ್ ಮೆಸೇಜು. ನಾನು ಬೇಕೆಂದೇ ಗೋಡೆಯ ಹತ್ತಿರ ನಿಂತು ಕನ್ನಡದಲ್ಲಿ ಕೇಳಿದರೂ ಒಮ್ಮೆ ಓಣಿಯ ಕಡೆ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದರು. ಅಂಗಡಿಯಿಂದ ಗುಂಡು ಕೊಂಡು ಸ್ವಲ್ಪ ದಿನ ಗಾಳ ಹಾಕಿದರು. ಆಮೇಲೆ ಅದನ್ನೂ ಬಿಟ್ಟರು. ರಿಟೈರ್ ಆಗಿ ಊರಿಗೆ ಹೋದರು... ಹೊರಡುವ ದಿನ ನನ್ನ ಗಂಡನ ಕೈ ಹಿಡಿದು ಏನೋ ಹೇಳಿದರು, ಹತ್ತಿರವಿದ್ದ ನನಗೇ ಕೇಳಿಸಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಆಂಟಿ ಮಂಗಳೂರಿನಿಂದ ಮೆಸೇಜು ಮಾಡಿ ತಿಳಿಸಿ ಎರಡು ತಿಂಗಳಾಗಿತ್ತು. ಪಾಟಿಗೆ ನಾನು ಹೇಳಿರಲಿಲ್ಲ. ಈಗ ಅವರಿಗೆ ಬಹಳ ವಯಸ್ಸು, ಹೇಳಿ ಏನು ಪ್ರಯೋಜನ ಎಂದುಕೊಂಡಿದ್ದೆ. ಕಳೆದ ವಾರ ಟೈರ್ ಅಂಗಡಿಯಿಂದ ಬಂದವಳು ಕಾರು ನಿಲ್ಲಿಸಿ, ಮನೆಯೊಳಕ್ಕೆ ಹೋಗದೆ, ಓಣಿ ದಾಟಿ ಅವರ ಅಡುಗೆಮನೆಯ ಮೆಟ್ಟಿಲಿಗೆ ಹೋದೆ.

ಅಂಕಲ್ ತೀರಿಕೊಂಡರು ಎಂದು ಹೇಳಿದೆ. ಪಾಟಿ ಮೆಟ್ಟಿಲ ಮೇಲೆ ಕುಳಿತುಕೊಂಡು ನನ್ನ ಹರಕು ತಮಿಳಿಗೆ ತಕ್ಕಂತೆ ನಿಧಾನವಾಗಿ ಕೇಳಿದರು. ದಿನಾ ಬೆಳಿಗ್ಗೆ ಅವರು ಗೋಡೆಯ ಮೇಲಿಂದ ನಿನ್ನನ್ನು ಅಷ್ಟು ಜೋರಾಗಿ ಏನೋ ಕೇಳುತ್ತಿದ್ದರು, ಅದರಲ್ಲಿ ಒಂದು ಮಾತೂ ನನಗೆ ತಿಳಿಯುತ್ತಿರಲಿಲ್ಲ. ಆ ಪೊಲೀಸರು ಬಂದ ಮೇಲೆ ನಿಂತುಹೋಯಿತು. ನಾನು ಕಿಟಕಿಯಲ್ಲಿ ಕಾಯುತ್ತಿದ್ದೆ, ಇವತ್ತಾದರೂ ಕೂಗುತ್ತಾರೇನೋ ಎಂದು. ಏನು ಕೇಳುತ್ತಿದ್ದರು?

"ತಿಂಡಿ ಏನು ಅಂತ," ಎಂದೆ.

"ಅವ್ವಳವುದಾನಾ?" ಅಷ್ಟೇನಾ?

ಅಷ್ಟೇ ಎಂದೆ. ಪಾಟಿ ಓಣಿಯಾಚೆಯ ಗೋಡೆಯನ್ನು ನೋಡಿದರು. ನಾನೂ ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತೆ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೋದರೆ ರಾತ್ರಿಯೇ ಬರುವುದು.