ಚರ್ಚಿನ ಬಾಗಿಲು ಯಾವ ಕಡೆಗಿತ್ತು?

ಇದ್ದಿಲಿನಿಂದ ಓಡುವ ಬಸ್ಸು ಮಳಗಿ ಎಂಬ ಊರಿನಲ್ಲಿ ಕೆಟ್ಟು ನಿಂತಿತು. ವಿದ್ಯಾರ್ಥಿಯಾಗಿದ್ದಾಗ ನಾನೊಮ್ಮೆ ರಾತ್ರಿ ತಂಗಿದ್ದ ಇಲ್ಲಿಯ ಪುಟ್ಟ ಮೆಥೊಡಿಸ್ಟ್ ಚರ್ಚು ಈ ಸಲದ ಮಳೆಗೆ ಬಿದ್ದಿತ್ತು. ಜನ ಮಣ್ಣು ಕಲಸಿ ಗೋಡೆ ಎಬ್ಬಿಸುತ್ತಿದ್ದರು. ಹಿರಿಯರು ಕಟ್ಟಿದ್ದ ಗೋಡೆಯ ಪಾಲನ್ನು ಅವರವರ ಮನೆಯವರೇ ಮತ್ತೆ ಕಟ್ಟುವುದು ಇಲ್ಲಿಯ ರೂಢಿ.

ಬಾಗಿಲಿನ ವಿಷಯದಲ್ಲಿ ಮಾತ್ರ ಜಗಳವಾಗಿತ್ತು. ರಾಹೇಲವ್ವ ಎಂಬ ಮುದುಕಿ, ತೀರಿಹೋದ ಗಂಡ ಮಾಡಿದ್ದ ಚೌಕಟ್ಟನ್ನು ತಬ್ಬಿಕೊಂಡು ಕೆರೆಯ ಕಡೆ ನಿಂತಿದ್ದಳು. ಬಾಗಿಲು ಅವನ ಪಾಲಿನಲ್ಲಿತ್ತು ಎಂಬುದು ಅವಳ ವಾದ. ಅಲ್ಲ, ರಸ್ತೆಯ ಕಡೆ ತನ್ನಪ್ಪನ ಪಾಲಿನಲ್ಲಿತ್ತು ಎಂದು ಯೋಹಾನಪ್ಪನೆಂಬ ಹಿರಿಯ ಪಟ್ಟು ಹಿಡಿದಿದ್ದ.

ನಾನು ಹಿಂದೆ ಬಂದಿದ್ದೆನೆಂದು ತಿಳಿದದ್ದೇ ತಡ, ಇಬ್ಬರೂ ನನ್ನತ್ತ ತಿರುಗಿದರು.

"ರಾಯರ, ನೀವ ಹೇಳ್ರಿ. ಬಾಗಲಾ ಎಲ್ಲಿತ್ತು?"

ಬೆಳಿಗ್ಗೆ ಎದ್ದಾಗ ಬಾಗಿಲಿನಿಂದ ಕೆರೆ ಕಂಡ ನೆನಪಿದೆ ಎಂದೆ. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ ಎಂದೂ ಸೇರಿಸಿದೆ.

"ನೀವು ನಂಬಬ್ಯಾಡ್ರಿ, ನಾ ನಂಬ್ತೇನಿ," ಎಂದಳು ರಾಹೇಲವ್ವ.

ಯೋಹಾನಪ್ಪ ನಕ್ಕ. "ಇಲ್ಲಿಂದ ಕೆರಿ ಎಲ್ಲಿ ಕಾಣತೈತಿ ಯವ್ವಾ? ಬಿದಿರ ಮೆಳಿ ಅಡ್ಡ ಐತಲ್ಲ!"

ಅದು ನಿಜವಾಗಿತ್ತು.

"ಮೆಳಿ ಆಮ್ಯಾಲ ಬೆಳದದ್ದೋ! ನನ್ನ ಗಂಡ ಹೋದಮ್ಯಾಲ!"

ಯೋಹಾನಪ್ಪ ಮೆಳೆಯನ್ನು ನೋಡಿದ, ಅವಳ ತೋಳಿನಲ್ಲಿದ್ದ ಚೌಕಟ್ಟನ್ನು ನೋಡಿದ. "ಆತು ಬಿಡು, ಬಾಗಲಾ ಕೆರಿ ಕಡೆನ ಇರ್ಲಿ. ನನ್ನ ಗ್ವಾಡಿ ಉದ್ದ ಆತು. ಅದಕ್ಕ ಮಣ್ಣು ನೀನ ಕಲಸು."

ಚೌಕಟ್ಟಿನ ಒಂದು ಬದಿಯನ್ನು ಅವನು ಹಿಡಿದ, ಇನ್ನೊಂದನ್ನು ನಾನು. ನಿಲ್ಲಿಸಿದ ಮೇಲೆ ಅದರೊಳಗಿಂದ ಬಗ್ಗಿ ನೋಡಿದೆ. ಬಿದಿರೆಲೆಗಳ ಸಂದಿಯಲ್ಲಿ ಏನೋ ಹೊಳೆಯಿತು. ನೀರೇ ಇರಬೇಕು.